ಮೆಟ್ಟು, ಪಾಪಾಸು, ಪಬುಚ್

ಚನ್ನಗಿರಿ: ಹೊರಡುವ ಮುನ್ನ

ಚಪ್ಪಲಿ ಮಾರಿ ವಿದೇಶಕ್ಕೆ ಹೋಗಿಬಂದವನು ಚನ್ನಗಿರಿಯಲ್ಲಿ ನಾನೊಬ್ಬನೇ ಇರಬೇಕು. ಇದನ್ನು ಹೆಮ್ಮೆಯಿಂದ ಹೇಳಹೊರಟರೆ ಮನೆಯವರು ಮುಖ ಕಿವುಚುತ್ತಾರೆ. ನಮ್ಮದು ಅಡಿಕೆ ವ್ಯಾಪಾರದ ಮನೆತನ. ಅಜ್ಜ ಅಡಿಕೆ ಮಾರಿದ, ಅಪ್ಪ ಅಡಿಕೆ ಮಾರಿದ, ಅಣ್ಣ ರುದ್ರೇಶ ಈಗಲೂ ಮಾರುತ್ತಾನೆ. ನಾನೊಬ್ಬ ಬಸ್ ಸ್ಟ್ಯಾಂಡಿನ ಎದುರು ಚಪ್ಪಲಿ ಅಂಗಡಿ ಇಟ್ಟೆ. "ಕೊಳ್ಳಾಗೆ ಲಿಂಗ, ಕೈಯಾಗೆ ಕೆರ" ಎಂದು ಅವತ್ತು ಅಣ್ಣ ಆಡಿದ ಮಾತು ಇಪ್ಪತ್ತಾರು ವರ್ಷವಾದರೂ ಊರಲ್ಲಿ ಓಡಾಡಿಕೊಂಡಿದೆ. ಅವನ ಬಾಯಿ ಮುಚ್ಚಿಸಲೆಂದೇ ಬೋರ್ಡಿನ ಮೇಲೆ 'ಪಾದುಕಾ ಭವನ' ಎಂದು ಬರೆಸಿದೆ. ಬಾಯಿ ಮುಚ್ಚಲಿಲ್ಲ. ಊರವರು ನನ್ನನ್ನು ಈಗಲೂ 'ಚಪ್ಪಲಿ ಕೊಟ್ರೇಶಿ' ಎಂದೇ ಕರೆಯುತ್ತಾರೆ.

ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ಓದಿ ಚಪ್ಪಲಿ ಅಂಗಡಿ ಇಟ್ಟವನಿಗೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಒಂದು ಚಟ ಅಂಟಿಕೊಳ್ಳುತ್ತದೆ. ನನಗೆ ಅಂಟಿದ್ದು ಚಪ್ಪಲಿಯ ಹೆಸರುಗಳ ಕುಲ ಕೆದಕುವ ಚಟ. ನಮ್ಮ ಭಾಷೆಯಲ್ಲಿ ಕಾಲಿಗೆ ಹಾಕುವ ವಸ್ತು ಒಂದೇ. ಅದನ್ನು ಏನೆನ್ನಬೇಕೆಂಬುದು ಯಾರ ಕಾಲು ಎನ್ನುವುದರ ಮೇಲೆ. ದೇವರ ಕಾಲಲ್ಲಿದ್ದರೆ ಪಾದುಕೆ. ಸ್ವಾಮಿಗಳ ಕಾಲಲ್ಲಿದ್ದರೆ ಹಾವುಗೆ. ಅದೂ ಪಾದುಕೆಯೇ, ಹಳಬರ ಬಾಯಲ್ಲಿ ಸವೆದು ಸವೆದು ಹಾಗಾದದ್ದು. ದೇವಸ್ಥಾನದ ಬೋರ್ಡಿನ ಮೇಲೆ ಪಾದರಕ್ಷೆ. ಪೇಟೆಯವರ ಕಾಲಲ್ಲಿ ಚಪ್ಪಲಿ. ಹೊನ್ನಾಳಿ, ನ್ಯಾಮತಿ ಕಡೆಯ ಅಜ್ಜಂದಿರ ಕಾಲಲ್ಲಿ ಮೆಟ್ಟು. ಮೆಟ್ಟುವುದರಿಂದ ಮೆಟ್ಟು, ಮೆಟ್ಟಿಲೂ ಅದರ ಒಡಹುಟ್ಟು. ಉಳಿದದ್ದು ಕೆರ. ಅದು ಕಾಲಲ್ಲಿರುವುದಕ್ಕಿಂತ ಹೆಚ್ಚಾಗಿ ಬೈಯುವವರ ಕೈಯಲ್ಲಿರುತ್ತದೆ. ಪಾಪ, ಒಂದು ಕಾಲಕ್ಕೆ ಕೆರ್ಪು ಎಂದು ಕರೆಸಿಕೊಂಡು ಬಾಳಿದ ಪದ, ತಮಿಳಿನ ಸೆರುಪ್ಪಿನ ದಾಯಾದಿ. ವಯಸ್ಸಾದ ಮೇಲೆ ಮರ್ಯಾದೆ ಕಳೆದುಕೊಂಡಿದೆ.

ಅಂಗಡಿಯ ಮುಂದಿನ ಮೆಟ್ಟಿಲ ಮೇಲೆ ದುರ್ಗಪ್ಪ ಕೂರುತ್ತಿದ್ದ. ಜಗಳೂರು ಕಡೆಯವನು, ನನಗಿಂತ ಐದು ವರ್ಷ ದೊಡ್ಡವನು. ಏಕವಚನ ನನ್ನ ಬಾಯಿಗೆ ಅಂಟಿಹೋಗಿದೆ. ಇಲ್ಲಿ ಬರೆಯುವಾಗ ಮಾತ್ರ ದೊಡ್ಡ ಮನುಷ್ಯನಂತೆ ಬಹುವಚನ ಹಾಕುವುದು ನಾಟಕವಾದೀತು. ನಾನು ಅಂಗಡಿ ಇಟ್ಟ ವರ್ಷದಿಂದ ಅವನು ಅಲ್ಲೇ ಕೂತು ಹರಿದದ್ದನ್ನು ಹೊಲಿಯುತ್ತಿದ್ದ, ಯಾರಾದರೂ ಕೇಳಿದರೆ ಚರ್ಮದ ಜೋಡು ಮಾಡಿಕೊಡುತ್ತಿದ್ದ. ನಾನು ಮಾರಿದ ಕಂಪನಿ ಚಪ್ಪಲಿಗಳು ಆರು ತಿಂಗಳಿಗೆ ಬಾಯಿ ಬಿಟ್ಟಾಗ ಅವನ್ನು ಮುಚ್ಚುತ್ತಿದ್ದವನೂ ಅವನೇ. ಇಬ್ಬರದೂ ಒಂದೇ ಕಸುಬು ಎನ್ನಬಹುದಿತ್ತು. ನಾನು ಎಂದೂ ಹಾಗೆನ್ನಲಿಲ್ಲ.

ಈ ವರ್ಷ ರಸ್ತೆ ಅಗಲ ಮಾಡುವವರು ಬಂದು ಆ ಮೆಟ್ಟಿಲಿಗೆ ಕೆಂಪು ಬಣ್ಣದ ಗುರುತು ಹಾಕಿ ಹೋದರು. ಅವತ್ತು ಸಂಜೆ ದುರ್ಗಪ್ಪ ಸಾಮಾನು ಕಟ್ಟುತ್ತ ಕೇಳಿದ.

"ಸಾವ್ಕಾರ್ರೆ, ಒಳಗೆ ಕಿಟಕಿ ಪಕ್ಕ ನಾಕಡಿ ಜಾಗ ಐತಲ್ರಿ. ಅಲ್ಲಿ ಕೂತ್ಕಂತೀನಿ. ಇಲ್ಲಾಂದ್ರೆ ಜಗಳೂರಿಗೆ ಹೋಗಿ ಕೂಲಿ ಮಾಡಾಕೆ ನಿಲ್ಲಬೇಕು. ಈ ವಯಸ್ಸಿನಾಗೆ ಹೊಸ ಊರಾಗೆ ಯಾರು ಮೆಟ್ಟು ಹೊಲಿಸ್ತಾರೆ?"

ನಾನು "ನೋಡೋಣ" ಅಂದೆ. ನಮ್ಮ ಕಡೆ ನೋಡೋಣ ಅಂದರೆ ಇಲ್ಲ ಎಂದು ಅರ್ಥ, ಅದು ಅವನಿಗೂ ಗೊತ್ತು. ಕಾರಣ ಕೇಳಿದ್ದರೆ ಹೇಳಲು ನನ್ನ ಹತ್ತಿರ ನಾಲ್ಕಾರು ಸಿದ್ಧವಿದ್ದವು: ಜಾಗ ಸಾಲದು, ಗೋಂದಿನ ವಾಸನೆ, ಮಳೆಗಾಲದ ಸ್ಟಾಕು. ಅವನು ಕೇಳಲಿಲ್ಲ. ನಿಜವಾದ ಕಾರಣ ಅಣ್ಣ ಮತ್ತು ಅಣ್ಣನಂಥ ನೂರು ಜನ. ದುರ್ಗಪ್ಪ ಹೊಲಿದದ್ದನ್ನು ಮೆಟ್ಟಲು ಅವರ ಅಭ್ಯಂತರವಿಲ್ಲ. ಅವನ ಪಕ್ಕದಲ್ಲಿ ಒಂದೇ ಸೂರಿನಡಿ ಕೂತು ಅದನ್ನು ಮೆಟ್ಟಿ ನೋಡಲು ಅಭ್ಯಂತರ.

ಅದೇ ತಿಂಗಳು ಚಪ್ಪಲಿ ಕಂಪನಿಯಿಂದ ಪತ್ರ ಬಂತು. ಚೆನ್ನಾಗಿ ಮಾರಿದ ಡೀಲರುಗಳಿಗೆ ಇಸ್ತಾಂಬುಲ್ ಪ್ರವಾಸ, ಜೊತೆಗೆ ಒಬ್ಬರನ್ನು ಕರೆತರಬಹುದು. ನನ್ನ ಹೆಂಡತಿ ಗಿರಿಜಾ ತನ್ನ ತಂಗಿಯ ಮಗಳ ಬಾಣಂತನಕ್ಕೆ ನ್ಯಾಮತಿಗೆ ಹೊರಟಿದ್ದಳು. "ಆ ಕೂಸು ಬಿಟ್ಟು ಯಾವ ಊರು ನೋಡಾಕೆ ಬರ್ಲಿ ನಾನು? ನೀವು ಹೋಗ್ರಿ" ಅಂದಳು. ಅಣ್ಣನನ್ನು ಕರೆದೆ. "ಶ್ರಾವಣದಾಗೆ ಕೆರದ ದುಡ್ಡಿನಾಗೆ ಪರದೇಶಕ್ಕೆ ಬರ್ಲಾ?" ಎಂದ. ಅವನ ಬಳಿ ಪಾಸ್‌ಪೋರ್ಟ್ ಇರಲಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು. ನನ್ನದೊಂದು ಬಿಟ್ಟರೆ ಬಂಧುಬಳಗದಲ್ಲಿ ಯಾರ ಬಳಿಯೂ ಇರಲಿಲ್ಲ, ಹೊಸದಾಗಿ ಮಾಡಿಸಲು ದಿನವೂ ಉಳಿದಿರಲಿಲ್ಲ. ಇದ್ದದ್ದು ದುರ್ಗಪ್ಪನ ಬಳಿ. ಎಂಟು ವರ್ಷದ ಹಿಂದೆ ದುಬೈಯಲ್ಲಿ ಬ್ಯಾಗು ಹೊಲಿಯುವ ಕೆಲಸ ಕೊಡಿಸುತ್ತೇನೆಂದು ಒಬ್ಬ ಏಜೆಂಟು ಮಾಡಿಸಿಕೊಟ್ಟು ಮಾಯವಾಗಿದ್ದ. ಹೀಗೆ ನಾನು ಮೆಟ್ಟಿಲ ಮೇಲಿನ ಮನುಷ್ಯನನ್ನು ವಿದೇಶಕ್ಕೆ ಕರೆದುಕೊಂಡು ಹೋದ ಉದಾರಿ ಎನಿಸಿಕೊಂಡೆ. ಊರವರು ಹೊಗಳಿದಾಗ ಬೇಡವೆನ್ನಲಿಲ್ಲ.

ಬೆಂಗಳೂರು: ವಿಮಾನ ನಿಲ್ದಾಣ

ಕಂಪನಿ ನಮಗೆಲ್ಲ ಒಂದೇ ನಮೂನೆಯ ಕಪ್ಪು ಚಪ್ಪಲಿ ಕೊಟ್ಟಿತ್ತು. ಮೂವತ್ತು ಜೊತೆ ಕಪ್ಪು ಚಪ್ಪಲಿಗಳ ನಡುವೆ ದುರ್ಗಪ್ಪನದು ಮಾತ್ರ ಅವನೇ ಮಾಡಿಕೊಂಡ ಕಂದು ಚರ್ಮದ ಮೆಟ್ಟು. ಬೇಡವೋ ಎಂದರೂ ಕೇಳಲಿಲ್ಲ. "ಗೋಂದಿನ ಚಪ್ಪಲಿ ನನ್ ಕಾಲಿಗೆ ಒಗ್ಗಲ್ರಿ" ಅಂದ.

ತಪಾಸಣೆಯ ಬಾಗಿಲಲ್ಲಿ ನಾವೆಲ್ಲ ಸದ್ದಿಲ್ಲದೆ ದಾಟಿದೆವು. ದುರ್ಗಪ್ಪ ಕಾಲಿಟ್ಟೊಡನೆ ಅದು ಕಿರುಚಿಕೊಂಡಿತು. ಹಿಮ್ಮಡಿಗೆ ಹೊಡೆದ ಮೊಳೆಗಳು! ಇಬ್ಬರು ಪೊಲೀಸರು ಮೆಟ್ಟನ್ನು ತಟ್ಟೆಯಲ್ಲಿಟ್ಟು ಯಂತ್ರದೊಳಗೆ ಕಳಿಸಿ, ಪರದೆಯ ಮೇಲೆ ಅದರ ಮೂಳೆ ಎಣಿಸಿದರು. ಅವನ ಹಿಂದೆ ಕೋಟು ತೊಟ್ಟ ದೊಡ್ಡ ಮನುಷ್ಯರು ಬೂಟು ಕಳಚಿ, ಕಾಲುಚೀಲದ ತೂತು ಮುಚ್ಚಿಕೊಳ್ಳುತ್ತ ಒಂಟಿಕಾಲಲ್ಲಿ ನಿಂತಿದ್ದರು.

"ಇಲ್ಲಿ ಎಲ್ಲಾರೂ ಬಿಟ್ಟೇ ಒಳಗೆ ಹೋಗ್ಬೇಕಾ ಸಾವ್ಕಾರ್ರೆ?" ಎಂದು ದುರ್ಗಪ್ಪ ಕೇಳಿದ. ಹೌದೆಂದೆ. "ಚಲೋ ಐತೆ ಬಿಡ್ರಿ" ಎಂದು ಬರಿಗಾಲಲ್ಲಿ ಆರಾಮಾಗಿ ನಡೆದ.

ಇಸ್ತಾಂಬುಲ್: ಮೊದಲ ದಿನ

ನಮ್ಮನ್ನು ಕರೆದೊಯ್ಯಲು ಬಂದವಳು ಎಲಿಫ್ ಎಂಬ ಮಾರ್ಗದರ್ಶಿ, ಮೂವತ್ತರ ಹತ್ತಿರದ ಹೆಣ್ಣುಮಗಳು. ಇಂಗ್ಲಿಷ್ ಬರುತ್ತಿತ್ತು. ಅದಕ್ಕಿಂತ ಚೆನ್ನಾಗಿ ಉರ್ದು ಬರುತ್ತಿತ್ತು, ಕಾಲೇಜಿನಲ್ಲಿ ಓದಿದ್ದಳಂತೆ. ನಮ್ಮ ಡೀಲರುಗಳ ಇಂಗ್ಲಿಷ್ ಬೂಟಿನ ಅಳತೆಯ ಆಚೆ ಹೋಗುತ್ತಿರಲಿಲ್ಲ. ನನ್ನ ಉರ್ದು 'ಕಿತ್ನಾ' ಮತ್ತು 'ಕಮ್ ಕರೋ' ಎರಡೇ ಮಾತು. ದುರ್ಗಪ್ಪ ಹರೆಯದಲ್ಲಿ ಹೊನ್ನಾಳಿಯ ಚರ್ಮದ ವ್ಯಾಪಾರಿ ಸಾಹೇಬರ ಮನೆಯಲ್ಲಿ ಹತ್ತು ವರ್ಷ ದುಡಿದವನು. ಅವನ ಬಾಯಿಂದ ಉರ್ದು ಹರಿದದ್ದನ್ನು ಕೇಳಿ ಎಲಿಫ್ ಕೈ ಎದೆಗಿಟ್ಟು ನಮಸ್ಕರಿಸಿದಳು. ಅವತ್ತಿನಿಂದ ಮೂವತ್ತು ಡೀಲರುಗಳಿಗೆ ಏನೇ ಬೇಕಾದರೂ ಮೊದಲು ದುರ್ಗಪ್ಪನನ್ನು ಕೇಳಬೇಕಾಯಿತು. ಶೌಚಾಲಯ ಎಲ್ಲಿ ಎಂಬುದನ್ನೂ.

ಹೋಟೆಲಿನ ಕೋಣೆಯಲ್ಲಿ ಎರಡು ಜೊತೆ ಬಟ್ಟೆಯ ಚಪ್ಪಲಿ ಇಟ್ಟಿದ್ದರು. ಅದಕ್ಕೆ ತೆರ್ಲಿಕ್ ಎನ್ನುತ್ತಾರೆ. ತೆರ್ ಎಂದರೆ ಬೆವರು, ಬೆವರು ಹೀರುವುದು ಎಂದು ಅರ್ಥವಂತೆ. ಬೂಟಿಗೆ ಅಯಾಕ್ಕಾಬಿ, ಕಾಲಿನ ಪಾತ್ರೆ. ನಮ್ಮವರು ಪಾದಕ್ಕೆ ರಕ್ಷೆ ಎಂದು ಮಂತ್ರದಂತೆ ಹೇಳಿದ್ದನ್ನು ಇವರು ಅಡುಗೆಮನೆಯ ಮಾತಿನಲ್ಲಿ ಮುಗಿಸಿದ್ದಾರೆ. ನಮ್ಮಲ್ಲಿ ಮನೆಯೊಳಗೆ ಚಪ್ಪಲಿ ಮೆಟ್ಟಿದರೆ ಲಕ್ಷ್ಮಿ ಹೊರಡುತ್ತಾಳೆ. ಇಲ್ಲಿ ಮನೆಯೊಳಗೆ ಬರಿಗಾಲಲ್ಲಿ ತಿರುಗಿದರೆ ಅತ್ತೆಯಂದಿರು ಓಡಿಬಂದು ತೆರ್ಲಿಕ್ ತೊಡಿಸುತ್ತಾರಂತೆ, ತಂಡಿ ಹೊಟ್ಟೆಗೆ ಏರುತ್ತದೆ ಎಂದು. ದುರ್ಗಪ್ಪ ತನ್ನ ಜೊತೆಯನ್ನು ತಿರುಗಿಸಿ ನೋಡಿ, ಹೊಲಿಗೆಯಿಲ್ಲವೆಂದು ಮಂಚದ ಕೆಳಗೆ ತಳ್ಳಿದ.

ಎರಡನೇ ದಿನ: ಕಳ್ಳಿ ಹಣ್ಣಿನ ಗಾಡಿ

ಸಮುದ್ರದ ದಂಡೆಯಲ್ಲಿ ಒಬ್ಬ ಮುದುಕ ಕೈಗಾಡಿಯಲ್ಲಿ ಐಸಿನ ಮೇಲೆ ಹಣ್ಣು ಜೋಡಿಸಿಕೊಂಡು ನಿಂತಿದ್ದ. ದುರ್ಗಪ್ಪ ದೂರದಿಂದಲೇ ಗುರುತಿಸಿದ.

"ಅಯ್ಯ, ಪಾಪಾಸುಕಳ್ಳಿ ಹಣ್ಣು! ನಮ್ಮ ಜಗಳೂರು ಬೇಲಿಯಾಗೆ ಇರೋದು. ದನಾನೂ ಮುಟ್ಟಲ್ಲ. ಇಲ್ಲಿ ಐಸಿನ ಮ್ಯಾಲೆ ಕುಂಡ್ರಿಸ್ಯಾರೆ."

ಎಲಿಫ್ ಆ ಹೆಸರನ್ನು ಎರಡು ಸಲ ಹೇಳಿಸಿದಳು. ಪಾಪಾಸು ಎಂದರೇನು ಎಂದಳು. ಈಗ ಬಂತು ನನ್ನ ಸರದಿ. ಹಳೇ ಕನ್ನಡಿಗರು ಚಪ್ಪಲಿಗೆ ಪಾಪಾಸು ಎಂದೂ ಹೇಳುತ್ತಿದ್ದರು, ಕಳ್ಳಿಯ ಚಪ್ಪಟೆ ಎಲೆ ಚಪ್ಪಲಿಯ ಅಟ್ಟೆಯಂತೆ ಕಾಣುವುದರಿಂದ ಆ ಹೆಸರು ಎಂದು ದುರ್ಗಪ್ಪನ ಮೂಲಕ ವಿವರಿಸಿದೆ. ಅವಳು ನಡುರಸ್ತೆಯಲ್ಲಿ ನಿಂತುಬಿಟ್ಟಳು. ಅವಳ ಅಜ್ಜಿ ಸೈಪ್ರಸ್ ದ್ವೀಪದವಳು. ಅಲ್ಲಿ ಈ ಹಣ್ಣಿಗೆ ಬಾಬುತ್ಸ ಎನ್ನುತ್ತಾರೆ, ಅದೂ ಚಪ್ಪಲಿಯ ಹೆಸರಿನಿಂದಲೇ ಬಂದದ್ದು. ತುರ್ಕಿಯಲ್ಲಿ ಚಪ್ಪಲಿಗೆ ಪಬುಚ್. ಎಲ್ಲದರ ತಾಯಿ ಪಾರಸಿಯ ಪಾಪೋಶ್: ಪಾ ಎಂದರೆ ಕಾಲು, ಪೋಶ್ ಎಂದರೆ ಹೊದಿಕೆ. ಆ ಪಾ ನಮ್ಮ ಪೈಜಾಮದಲ್ಲಿದೆ, ಆ ಪೋಶ್ ನಮ್ಮ ಪೋಷಾಕಿನಲ್ಲಿದೆ. ಗಿಡ ಅಮೆರಿಕದ್ದು, ಹೆಸರು ಪಾರಸಿಯದು, ಬೆಳೆದು ನಿಂತದ್ದು ಜಗಳೂರಿನ ಬೇಲಿಯಲ್ಲಿ. ಇಷ್ಟು ದೂರದ ಎರಡು ಊರಿನವರು ಒಂದು ಕಳ್ಳಿಯನ್ನು ನೋಡಿ ಒಂದೇ ಚಪ್ಪಲಿಯನ್ನು ನೆನೆದರಲ್ಲ ಎಂದು ನನಗೆ ರೋಮಾಂಚನವಾಯಿತು. ನಮ್ಮ ಗುಂಪಿನ ಹಾವೇರಿಯ ಡೀಲರು ಮಾತ್ರ, ಇದನ್ನು ನೋಡಲು ಇಷ್ಟು ದೂರ ಬರಬೇಕಿತ್ತೇ ಎಂದು ಬಸ್ಸಿನೊಳಗೆ ಹೋಗಿ ಕೂತರು.

ಪಬುಚ್ ಇಲ್ಲಿಯ ಮಾತಿನ ತುಂಬ ಓಡಾಡುತ್ತದೆ. ಎದುರುತ್ತರ ಕೊಡುವವನಿಗೆ ಪಬುಚ್‌ನಷ್ಟು ನಾಲಿಗೆ. ಯಾರಿಗೂ ಹೆದರದವನು 'ಪಬುಚ್ ಬಿಟ್ಟು ಹೋಗದವನು'. ಹೆದರಿ ಓಡುವವನು ಮೊದಲು ಚಪ್ಪಲಿ ಬಿಟ್ಟು ಓಡುತ್ತಾನಲ್ಲ. ನಮ್ಮಲ್ಲಿ ಏನಿದೆ ಎಂದು ಎಲಿಫ್ ಕೇಳಿದಳು. ಕಚೇರಿ ಸುತ್ತಿ ಚಪ್ಪಲಿ ಸವೆಯುತ್ತದೆ ಎಂದೆ. ನನ್ನ ಚರ್ಮ ಸುಲಿದು ಚಪ್ಪಲಿ ಮಾಡಿಕೊಟ್ಟರೂ ನಿಮ್ಮ ಋಣ ತೀರದು ಎನ್ನುತ್ತೇವೆ ಎಂದೆ. ಅವಳ ಕಣ್ಣು ಅಗಲವಾಯಿತು. ಉಳಿದವೆಲ್ಲ ಹೊಡೆಯುವ ಮಾತುಗಳು, ಅವನ್ನು ನಾನು ಹೇಳಲಿಲ್ಲ. ದುರ್ಗಪ್ಪನೂ ಹೇಳಲಿಲ್ಲ.

ಮೂರನೇ ದಿನ: ಮಸೀದಿಯ ಬಾಗಿಲಲ್ಲಿ

ಇನ್ನು ನನ್ನ ಮೂರ್ಖತನ. ನಮ್ಮೂರ ಮಠದಲ್ಲಾಗಲಿ ಮದುವೆ ಛತ್ರದಲ್ಲಾಗಲಿ ಬುದ್ಧಿವಂತರಾರೂ ಎರಡು ಚಪ್ಪಲಿಯನ್ನು ಒಂದೇ ಕಡೆ ಬಿಡುವುದಿಲ್ಲ. ಎಡಗಾಲಿನದು ಈ ಕಂಬದ ಬುಡಕ್ಕೆ, ಬಲಗಾಲಿನದು ಆ ಮೂಲೆಗೆ. ಕಳ್ಳನಿಗೆ ಜೋಡಿ ಬೇಕು, ಹುಡುಕುವ ತಾಳ್ಮೆ ಇರುವುದಿಲ್ಲ. ನನ್ನಪ್ಪ ಇದನ್ನು ನನಗೆ ಅಕ್ಷರಾಭ್ಯಾಸಕ್ಕೂ ಮೊದಲು ಕಲಿಸಿದ್ದ. ನನಗೆ ಇದು ಉಸಿರಾಟದಷ್ಟೇ ಸಹಜ.

ಇಸ್ತಾಂಬುಲಿನ ದೊಡ್ಡದೊಂದು ಮಸೀದಿಯ ಬಾಗಿಲಲ್ಲಿ ಚಪ್ಪಲಿ ತುಂಬಿಕೊಂಡು ಒಳಗೇ ಒಯ್ಯಲು ಚೀಲ ಕೊಡುತ್ತಿದ್ದರು. ದುರ್ಗಪ್ಪ ಸುಮ್ಮನೆ ಚೀಲ ಇಸಕೊಂಡು ಮೆಟ್ಟನ್ನು ಅದರೊಳಗೆ ಹಾಕಿ ಕಂಕುಳಲ್ಲಿ ಇಟ್ಟುಕೊಂಡ. ದೇವರ ಜಾಗದೊಳಗೆ ಚಪ್ಪಲಿ ಒಯ್ಯುವುದು ನನ್ನಿಂದಾಗಲಿಲ್ಲ. ಮೂವತ್ತು ಜನರದೂ ಒಂದೇ ನಮೂನೆ ಬೇರೆ. ಎಡದ್ದನ್ನು ಬಾಗಿಲ ಬಳಿಯ ಗೂಡಿನಲ್ಲಿಟ್ಟೆ. ಬಲದ್ದನ್ನು ಹತ್ತು ಮಾರು ಆಚೆ ಕಂಬದ ಹಿಂದೆ ಅಡಗಿಸಿ, ಎಂಥ ಬುದ್ಧಿವಂತ ಎಂದು ನನ್ನನ್ನು ನಾನೇ ಮೆಚ್ಚಿಕೊಂಡು ಒಳಗೆ ಹೋದೆ.

ಹೊರಬಂದಾಗ ಎಡದ್ದು ಇತ್ತು. ಬಲದ್ದು ಇರಲಿಲ್ಲ. ಕಸ ಗುಡಿಸುವವನನ್ನು ಎಲಿಫ್ ವಿಚಾರಿಸಿದಳು. ಅವನು ನಿರ್ಮಲ ಮನಸ್ಸಿನಿಂದ ಒಪ್ಪಿಕೊಂಡ: ಒಂದೇ ಒಂದು ಚಪ್ಪಲಿ ಕಂಬದ ಹಿಂದೆ ಬಿದ್ದಿದ್ದರೆ ಅದು ಯಾರೋ ಎಸೆದದ್ದೇ ಅಲ್ಲವೇ, ಕಸದ ಗಾಡಿಗೆ ಹಾಕಿದೆ, ಗಾಡಿ ಹೋಯಿತು. ಯಾಕೆ ಹೀಗೆ ಇಟ್ಟಿರಿ ಎಂದು ಎಲಿಫ್ ಕೇಳಿದಳು. ದುರ್ಗಪ್ಪ ನಮ್ಮ ಪದ್ಧತಿ ವಿವರಿಸಿದ. ಅವಳು ನಗು ತಡೆಯಲು ತಲೆವಸ್ತ್ರದ ತುದಿ ಕಚ್ಚಿದಳು. ಕಸ ಗುಡಿಸುವವನು ತಡೆಯಲಿಲ್ಲ, ಪೊರಕೆ ಊರಿಕೊಂಡು ನಕ್ಕ.

"ಕಳ್ರಿಲ್ಲದ ಕಡೆ ನಾವೇ ನಮ್ದು ಕದ್ಕಂಡಂಗಾತು ಸಾವ್ಕಾರ್ರೆ" ಎಂದು ದುರ್ಗಪ್ಪ ಮೆತ್ತಗೆ ಅಂದ.

ಮೂವತ್ತು ಚಪ್ಪಲಿ ವ್ಯಾಪಾರಿಗಳ ನಡುವೆ ನಾನೊಬ್ಬ ಒಂದು ಕಾಲಿಗೆ ಚಪ್ಪಲಿ ಇಲ್ಲದೆ ನಿಂತಿದ್ದೆ. ಫೋಟೋ ತೆಗೆಯಲು ಮಾತ್ರ ಎಲ್ಲರಿಗೂ ಪುರುಸೊತ್ತಿತ್ತು. ಎಲಿಫ್ ಗುಂಪನ್ನು ಊಟಕ್ಕೆ ಕೂರಿಸಿ, ನಮ್ಮಿಬ್ಬರನ್ನು ಹಿಂದಿನ ಏರುಗಲ್ಲಿಗೆ ಕರೆದೊಯ್ದಳು. ಅಲ್ಲಿ ಅವಳ ತಂದೆಯ ಗೆಳೆಯನ ಅಂಗಡಿಯಿತ್ತು.

ಹಸನ್ ಉಸ್ತಾನ ಅಂಗಡಿ

ಉಸ್ತಾ ಎಂದರೆ ಕಸುಬಿನಲ್ಲಿ ಕೈಪಳಗಿದ ಗುರು. ನಮ್ಮ ಗರಡಿಮನೆಯ ವಸ್ತಾದಿಯೂ ಇದೇ ಪದದ ಕೂಸು. ನಮ್ಮಲ್ಲಿ ಕುಸ್ತಿ ಕಲಿಸುವವನು, ಸಂಗೀತ ಕಲಿಸುವವನು ಉಸ್ತಾದ. ಚಪ್ಪಲಿ ಹೊಲಿಯುವವನನ್ನು ಹಾಗೆ ಕರೆದದ್ದನ್ನು ನಾನು ಕೇಳಿರಲಿಲ್ಲ. ಇಲ್ಲಿ ಗಲ್ಲಿಯವರೆಲ್ಲ ಹಾಗೇ ಕರೆಯುತ್ತಿದ್ದರು.

ಎಪ್ಪತ್ತರ ಮುದುಕ ಹಸನ್ ಉಸ್ತಾ ಕಿಟಕಿಯ ಬೆಳಕಿನಲ್ಲಿ ಕುರ್ಚಿಯ ಮೇಲೆ ಕೂತು ಹೊಲಿಯುತ್ತಿದ್ದ. ಎದುರಿಗೆ ಗಿರಾಕಿಗೆ ಇನ್ನೊಂದು ಕುರ್ಚಿ, ಅಷ್ಟೇ ಎತ್ತರದ್ದು. ನನ್ನ ಕೈಯಿಂದ ಕಂಪನಿಯ ಒಂಟಿ ಚಪ್ಪಲಿ ತೆಗೆದುಕೊಂಡು ಮಡಚಿ ನೋಡಿ, ಏನೋ ಒಂದು ಮಾತು ಹೇಳಿ ಕೆಳಗಿಟ್ಟ. ಎಲಿಫ್ ಅದನ್ನು ಅನುವಾದಿಸಲಿಲ್ಲ. ಆಮೇಲೆ ಅವನ ಕಣ್ಣು ದುರ್ಗಪ್ಪನ ಕಾಲಿಗೆ ಹೋಯಿತು. ಕೈ ಚಾಚಿದ. ದುರ್ಗಪ್ಪ ಹಿಂದೆ ಸರಿದ. ತನ್ನ ಕಾಲಿನದನ್ನು ಹಿರಿಯನೊಬ್ಬನ ಕೈಗೆ ಕೊಡುವುದು ಹೇಗೆ! ಎಲಿಫ್ ಒತ್ತಾಯಿಸಿದ ಮೇಲೆ ಕಳಚಿಕೊಟ್ಟ. ಮುದುಕ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದ, ಕಾಲಿನ ಹೆಬ್ಬೆರಳು ತೂರಿಸುವ ಉಂಗುರ ಎಳೆದು ನೋಡಿದ, ಅಟ್ಟೆಯನ್ನು ಮೂಸಿದ. ಮತ್ತೆ ಎದ್ದು ನಿಂತು ದುರ್ಗಪ್ಪನನ್ನು ತನ್ನ ಕುರ್ಚಿಯ ಮೇಲೆ ಕೂರಿಸಿದ.

ಕೈ ನೋಡಬೇಕು ಎಂದು ಅರ್ಧ ಮುಗಿದ ಒಂದು ಜೊತೆಯನ್ನೂ ದಬ್ಬಳವನ್ನೂ ಮುಂದಿಟ್ಟ. ಎರಡು ಲೋಟ ಚಹಾ ಮುಗಿಯುವಷ್ಟರಲ್ಲಿ ದುರ್ಗಪ್ಪ ಅದಕ್ಕೆ ಉಂಗುರ ಕೂರಿಸಿ, ನನ್ನ ಕಾಲ ಅಳತೆಗೆ ಪಟ್ಟಿ ಹೊಲಿದು ಮುಗಿಸಿದ. ಇಪ್ಪತ್ತಾರು ವರ್ಷದಲ್ಲಿ ಅವನು ನನ್ನ ಕಾ​ಲ ಅಳತೆ ತೆಗೆದದ್ದು ಅದೇ ಮೊದಲು. ನಾನು ಸದಾ ಕಂಪನಿಯದೇ ಹಾಕುವವನು. ಮುದುಕ ಪಕ್ಕದ ಅಂಗಡಿಯವನನ್ನು ಕೂಗಿ ಕರೆದು ಹೊಲಿಗೆ ತೋರಿಸಿದ.

ಚಹಾದ ಜೊತೆ ಕಥೆ ಬಂತು. ತುರ್ಕಿಯಲ್ಲಿ ಯಾರಾದರೂ ಬೆಲೆ ಕಳೆದುಕೊಂಡರೆ 'ಅವನ ಪಬುಚ್ ಮಾಡಿನ ಮೇಲೇರಿತು' ಎನ್ನುತ್ತಾರೆ. ಹಿಂದೆ ಕಸುಬುದಾರರ ಕೂಟವಿತ್ತಂತೆ. ಚಪ್ಪಲಿ ಬೇಗ ಹರಿಯಿತೆಂದು ಗಿರಾಕಿ ದೂರು ತಂದರೆ ಹಿರಿಯರು ಕೂತು ಪರೀಕ್ಷಿಸುತ್ತಿದ್ದರು. ತಪ್ಪು ಹೊಲಿದವನದ್ದಾದರೆ ಆ ಚಪ್ಪಲಿಯನ್ನು ಅವನದೇ ಅಂಗಡಿಯ ಮಾಡಿನ ಮೇಲೆ ಎಸೆಯುತ್ತಿದ್ದರು. ಬೀದಿಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದರು.

"ಕೆಟ್ಟದು ಹೊಲಿದ್ರೆ ಮಾತ್ರನಾ ಅವಮಾನ?" ಎಂದು ದುರ್ಗಪ್ಪ ಕನ್ನಡದಲ್ಲಿ ನನ್ನನ್ನು ಕೇಳಿದ. ನಾನು ಬಿಸಿ ಚಹಾ ಊದತೊಡಗಿದೆ.

ನಾನೂ ಸುಮ್ಮನಿರಲಿಲ್ಲ. ನಮ್ಮ ಕಡೆಯ ಹಿರಿಮೆಯೂ ಗೊತ್ತಾಗಲೆಂದು, ಪ್ರತಿ ಶ್ರಾವಣ ಪ್ರವಚನದಲ್ಲಿ ಕೇಳಿ ನಾವು ಕಣ್ಣೀರಿಡುವ ಕಥೆ ಹೇಳಿದೆ: ಒಬ್ಬ ಶರಣ, ಅವನ ಹೆಂಡತಿ, ತಮ್ಮ ತೊಡೆಯ ಚರ್ಮದಿಂದ ಗುರುವಿಗೆ ಚಮ್ಮಾವುಗೆ ಹೊಲಿದದ್ದು, ಆ ಗುರು ಅದನ್ನು ಮೆಟ್ಟಲು ತಾನು ಯೋಗ್ಯನಲ್ಲವೆಂದು ತಲೆಯ ಮೇಲೆ ಹೊತ್ತದ್ದು. ಚಮ್ಮ ಅಂದರೆ ಚರ್ಮ, ಅದರ ಹಾವುಗೆ ಚಮ್ಮಾವುಗೆ, ಎಂದು ಪದವನ್ನೂ ಬಿಡಿಸಿಟ್ಟೆ. ದುರ್ಗಪ್ಪ ಒಂದೊಂದೇ ಮಾತನ್ನು ಉರ್ದುವಿಗೆ ತಂದ, ಎಲಿಫ್ ತುರ್ಕಿಗೆ ತಂದಳು. ಮುದುಕನ ಕಣ್ಣು ಒದ್ದೆಯಾಯಿತು. ಏನೋ ಕೇಳಿದ. ಅದು ಎಲಿಫ್‌ಳ ಬಾಯಿಂದ ದುರ್ಗಪ್ಪನಿಗೆ ಬಂತು, ದುರ್ಗಪ್ಪನಿಂದ ನನಗೆ.

"ಇಂಥಾ ಕಥೆ ಇರೋ ಊರಾಗೆ ಚಪ್ಪಲಿ ಹೊಲಿಯೋರಿಗೆ ಭಾರೀ ಮರ್ಯಾದಿ ಇರ್ಬೇಕು ಅಲ್ವಾ, ಅಂತ ಕೇಳ್ತಾರೆ ಸಾವ್ಕಾರ್ರೆ."

ದುರ್ಗಪ್ಪನ ಮುಖದಲ್ಲಿ ಏನೂ ಇರಲಿಲ್ಲ. ಅಂಚೆಯವನು ಕಾಗದ ಕೊಟ್ಟಂತೆ ಕೊಟ್ಟು ನಿಂತಿದ್ದ. "ಹೌದು ಅಂತ ಹೇಳು" ಎಂದೆ. ಅವನು ಹೇಳಿದ.

ಮುದುಕ ಇನ್ನೊಂದು ಪ್ರಶ್ನೆ ಕೇಳಿದ, ನೇರ ದುರ್ಗಪ್ಪನಿಗೇ. ಎಲಿಫ್ ಉರ್ದುವಿಗೆ ತಂದ ಆ ಮಾತನ್ನು ದುರ್ಗಪ್ಪ ನನಗೆ ಕನ್ನಡದಲ್ಲಿ ಹೇಳಲಿಲ್ಲ. ಉರ್ದುವಿನಲ್ಲಿ ಉದ್ದಕ್ಕೆ ಉತ್ತರಿಸಿದ. ಕೈಯಿಂದ ನನ್ನನ್ನು ತೋರಿಸಿದ, ಕಿಟಕಿ ತೋರಿಸಿದ. ಮುದುಕ ಎದ್ದು ಬಂದು ನನ್ನ ಎರಡು ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಯಾಕೆಂದು ತಿಳಿಯದೆ ನಾನು ನಗುತ್ತ ನಿಂತೆ.

ಕೊನೆಯ ದಿನ

ವಿಮಾನ ನಿಲ್ದಾಣಕ್ಕೆ ಬಿಡಲು ಬಂದ ಎಲಿಫ್‌ಳನ್ನು ಬದಿಗೆ ಕರೆದು ನನ್ನ ಮುರುಕು ಇಂಗ್ಲಿಷಿನಲ್ಲಿ ಕೇಳಿದೆ. ಅವತ್ತು ಉಸ್ತಾ ಏನು ಕೇಳಿದ, ಇವನು ಏನು ಹೇಳಿದ?

ಊರಲ್ಲಿ ನಿಮ್ಮ ಅಂಗಡಿ ಎಲ್ಲಿದೆ ಎಂದು ಉಸ್ತಾ ಕೇಳಿದ್ದನಂತೆ. ದುರ್ಗಪ್ಪ ಹೇಳಿದ್ದು ಇಷ್ಟು: ನಮ್ಮಿಬ್ಬರದೂ ಒಂದೇ ಅಂಗಡಿ. ಇವರು ಮುಂದೆ ಮಾರುತ್ತಾರೆ, ನಾನು ಒಳಗೆ ಕಿಟಕಿಯ ಪಕ್ಕ ಕೂತು ಹೊಲಿಯುತ್ತೇನೆ. ಇವರ ಜನ ಬೇಡವೆಂದರೂ ಇವರೇ ಕೈ ಹಿಡಿದು ಒಳಗೆ ಕೂರಿಸಿದರು. ಇಪ್ಪತ್ತಾರು ವರ್ಷವಾಯಿತು.

"ನೀವು ದೊಡ್ಡ ಮನುಷ್ಯರು" ಎಂದು ಎಲಿಫ್ ನನ್ನ ಕೈ ಕುಲುಕಿದಳು. ನನಗೆ ನಾಚಿಕೆಯಾಯಿತು. ಬಣ್ಣ ಬಣ್ಣದ ಮಾತು ಬೇಡ, ನಾಚಿಕೆಯೇ ಆಯಿತು. ವಿಮಾನದಲ್ಲಿ ದುರ್ಗಪ್ಪ ಪಕ್ಕದಲ್ಲೇ ಕೂತಿದ್ದ.

"ಯಾಕೋ ಹಂಗೆ ಸುಳ್ಳು ಹೇಳಿದೆ?" ಎಂದೆ.

"ಪರದೇಶದಾಗೆ ನಮ್ಮೂರ ಸಾವ್ಕಾರನ ಮಾನ ಕಳೆಯಾಕೆ ಆಗ್ತೈತೇನ್ರಿ?" ಎಂದು ಹೇಳಿ ಕಿಟಕಿಯ ಕಡೆ ತಿರುಗಿದ.

ಚನ್ನಗಿರಿ: ಬಂದ ಮೇಲೆ

ನಾವು ಬಂದ ಮೂರನೇ ದಿನ ಬೆಳಿಗ್ಗೆ ಜೆಸಿಬಿ ಬಂತು. ಮೆಟ್ಟಿಲು ಹೋಗಲು ಹತ್ತು ನಿಮಿಷವೂ ಬೇಕಾಗಲಿಲ್ಲ. ದುರ್ಗಪ್ಪ ರಸ್ತೆಯ ಆಚೆ ತನ್ನ ಪೆಟ್ಟಿಗೆಯ ಮೇಲೆ ಕೂತು ನೋಡುತ್ತಿದ್ದ. ಜಗಳೂರು ಬಸ್ಸಿಗೆ ಕಾಯುವವರ ಸಾಲಿನಲ್ಲಿ. ನಾನು ಹೋಗಿ ಪೆಟ್ಟಿಗೆಯ ಒಂದು ಹಿಡಿ ಹಿಡಿದೆ. "ಒಳಗೆ ನಡಿ" ಎಂದೆ. ಇನ್ನೊಂದು ಹಿಡಿಯನ್ನು ಅವನು ಹಿಡಿದ. ಕಿಟಕಿಯ ಪಕ್ಕದ ಪೆಟ್ಟಿಗೆಗಳನ್ನು ಸರಿಸಿ ಜಾಗ ಮಾಡಿದೆವು. ಅವನಿಗೊಂದು ಕುರ್ಚಿ, ಎದುರಿಗೆ ಬಂದವರಿಗೊಂದು.

ಮರುದಿನ ಅಣ್ಣ ಬಂದ. ಹೊಸ್ತಿಲಲ್ಲಿ ನಿಂತ, ಕಿಟಕಿಯ ಕಡೆ ನೋಡಿದ.

"ಏನಲೇ ಕೊಟ್ರೇಶಿ, ಇವನ್ಯಾಕೆ ಒಳಗೆ?"

ಇಸ್ತಾಂಬುಲಿನಿಂದ ಇಲ್ಲಿಯವರೆಗೆ ನಾನು ಈ ಪ್ರಶ್ನೆಗೆ ಎಷ್ಟೋ ಉತ್ತರ ಜೋಡಿಸಿಟ್ಟುಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ. "ಏನ್ ಮಾಡೋದಣ್ಣ, ಕಂಪನಿ ರೂಲ್ಸು. ಅಂಗಡಿ ಒಳಗೇ ರಿಪೇರಿ ಇರ್ಬೇಕಂತೆ."

ಅಣ್ಣ "ಹಾಳಾಗೋಗ್ಲಿ ನಿಮ್ ಕಂಪನಿ" ಎಂದು ಇಳಿದು ಹೋದ. ದುರ್ಗಪ್ಪನ ದಬ್ಬಳ ನಿಲ್ಲಲಿಲ್ಲ, ತಲೆ ಮೇಲೇಳಲಿಲ್ಲ. ಅಲ್ಲಿ ಅವನು ಸುಳ್ಳು ಹೇಳಿದ್ದು ನನ್ನ ಮಾನ ಉಳಿಸಲು. ಇಲ್ಲಿ ನಾನು ಹೇಳಿದ್ದೂ ನನ್ನ ಮಾನ ಉಳಿಸಲೇ. ಅವನ ಮಾನ ಉಳಿಸುವ ಸುಳ್ಳಾಗಲಿ ನಿಜವಾಗಲಿ ಇನ್ನೂ ಯಾರೂ ಹೇಳಿರಲಿಲ್ಲ.

ಬೀದಿಗೆ ಓಡಿದೆ. ಅಣ್ಣ ಬೈಕಿನ ಮೇಲೆ ಕೂತಿದ್ದ.

"ಅಣ್ಣ, ಕಂಪನಿ ರೂಲ್ಸಲ್ಲ. ನಾನೇ ಕೂರಿಸಿದ್ದು. ಇನ್ ಮ್ಯಾಲೆ ಅಲ್ಲೇ ಕೂರ್ತಾನೆ."

ಅಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹಂಗಾದ್ರೆ ನಿನ್ನ ಹೊಸ್ತಿಲು ನಾನು ತುಳಿಯಲ್ಲ ತಗ" ಎಂದು ಕಿಕ್ಕು ಹೊಡೆದ. ಅಣ್ಣ ಮಾತಿಗೆ ತಪ್ಪುವವನಲ್ಲ. ಅವನ ಹಿಂದೆ ನಮ್ಮವರಲ್ಲಿ ಇನ್ನೂ ಹತ್ತಾರು ಜನ ಅಂಗಡಿಯ ಕಡೆ ಬರುವುದು ಬಿಟ್ಟರು. ಮುಂದಿನ ವರ್ಷ ಕಂಪನಿ ಯಾರನ್ನು ಎಲ್ಲಿಗೆ ಕರೆದೊಯ್ಯುತ್ತದೋ, ಆ ಪಟ್ಟಿಯಲ್ಲಿ ನಾನಿರುವುದಿಲ್ಲ.

ಕಳೆದ ವಾರ ಅತ್ತಿಗೆ ಬಂದರು. ಸೆರಗಿನ ಕೆಳಗೆ ಪೇಪರಿನಲ್ಲಿ ಸುತ್ತಿದ ಗಂಟು. ಬಿಚ್ಚಿದರೆ ಅಣ್ಣನ ಚರ್ಮದ ಚಪ್ಪಲಿ, ದುರ್ಗಪ್ಪನೇ ಹಿಂದೆ ಮಾಡಿಕೊಟ್ಟದ್ದು. ಪಟ್ಟಿ ಕಿತ್ತಿತ್ತು.

"ಬ್ಯಾರೆ ಕಡೆ ಕೊಟ್ಟಿದ್ರು. ಎರಡು ಸಲ ಹೊಲಿಸಿದ್ರೂ ಕಾಲು ಕಚ್ತೈತಂತೆ. ನಾನು ಬಂದಿದ್ದು ಅವ್ರಿಗೆ ಹೇಳ್ಬ್ಯಾಡ್ರಿ" ಎಂದು ಅತ್ತಿಗೆ ಮೆಲ್ಲಗೆ ಅಂದರು. ಅವರನ್ನು ಕಳಿಸಿದ್ದು ಯಾರೆಂದು ನಮಗೆ ಮೂವರಿಗೂ ಗೊತ್ತಿತ್ತು.

ದುರ್ಗಪ್ಪ ಚಪ್ಪಲಿ ತಿರುಗಿಸಿ ನೋಡಿದ. ಬೇರೆಯವನು ಹಾಕಿದ ಹೊಲಿಗೆ ಬಿಚ್ಚಿದ. ಆಮೇಲೆ ಎರಡನ್ನೂ ಜೋಡಿಸಿ ಪಕ್ಕಕ್ಕಿಟ್ಟ.

"ಇದು ಹಿಂಗೆ ಹೊಲಿಯಾಕೆ ಬರಲ್ರಿ ಅಮ್ಮಾ. ಕಾಲು ಬಾತೈತೆ ಅನ್ಸುತ್ತೆ, ಹೊಸದಾಗಿ ಅಳತೆ ತಗೀಬೇಕು."

ಅತ್ತಿಗೆ ನನ್ನ ಮುಖ ನೋಡಿದರು, ನಾನು ಒಂದು ಮಾತು ಹೇಳಲಿ ಎಂದು. ಅದು ನಾನು ಹೇಳುವ ಮಾತಾಗಿರಲಿಲ್ಲ.

"ಅವ್ರು ಇಲ್ಲಿಗೆ ಬರಲ್ಲಪ್ಪ ದುರ್ಗಪ್ಪ" ಎಂದರು ಅತ್ತಿಗೆ.

ದುರ್ಗಪ್ಪ ಎದುರಿನ ಕುರ್ಚಿಯನ್ನು ಅಂಗೈಯಿಂದ ಒರೆಸಿದ.

"ಅವಸರ ಇಲ್ರಿ ಅಮ್ಮಾ. ಯಾವಾಗ ಬೇಕಾದ್ರೂ ಬಂದು ಕೂತ್ಕಳ್ಳಾಕೆ ಹೇಳ್ರಿ."